ಅರಮನೆಯ ಕೈದಿಯನ್ನು ನಾನು ಬಿಡಿಸಲು ಹೋದದ್ದು

ನಾನು ರೋಣದ ಒಂದು ಪ್ರೌಢಶಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರ. ವರ್ಷಾ ವರ್ಷಾ ಮಕ್ಕಳನ್ನು ಗಜೇಂದ್ರಗಡದ ಕೋಟೆಗೂ ನರಗುಂದದ ಗುಡ್ಡಕ್ಕೂ ಕರೆದುಕೊಂಡು ಹೋಗಿ, ಹೋದಷ್ಟೂ ಮಕ್ಕಳನ್ನು ತಿರುಗಿ ಕರೆತಂದವನು. ಹೀಗಾಗಿ ಹಳೆಯ ಕಾಲದ ಸೆರೆಮನೆಯಲ್ಲಿ ಸಿಕ್ಕಿಬಿದ್ದ ಒಬ್ಬನನ್ನು ಹೊರಗೆ ತರುವ ಜವಾಬ್ದಾರಿ ಬಂದಾಗ, ಈ ಸೀಮೆಯಲ್ಲಿ ಅದಕ್ಕೆ ನನಗಿಂತ ಯೋಗ್ಯನು ಇಲ್ಲವೆಂದು ಪ್ರಾಮಾಣಿಕವಾಗಿಯೇ ನಂಬಿದ್ದೆ.

ಆತ ಸಿಕ್ಕಿಬಿದ್ದದ್ದು ನಮ್ಮ ಮನೆಯ ಕಂಪ್ಯೂಟರಿನಲ್ಲಿ.

ಆ ವರ್ಷ ನಮ್ಮ ಮನೆಯಲ್ಲಿ ನಗು ಇರಲಿಲ್ಲ. ಅತ್ತೆಯವರು ಗದಗಿನ ದವಾಖಾನೆಯಲ್ಲಿ ತೀರಿಕೊಂಡಿದ್ದರು. ಯಾವಗಲ್ ಹಳ್ಳಿಯಲ್ಲಿದ್ದ ಮಾವನವರನ್ನು ನನ್ನ ಹೆಂಡತಿ ಗಿರಿಜಾ ನಮ್ಮಲ್ಲಿಗೆ ಕರೆತಂದಿದ್ದಳು. ಬಂದಂದಿನಿಂದ ಅವರು ಪಡಸಾಲೆಯ ಗೋಡೆಗೆ ಒರಗಿ ಕೂತವರು ಕೂತೇ ಇದ್ದರು. ಮಾತಿಲ್ಲ. ಕೇಳಿದ್ದಕ್ಕೆ ತಲೆಯಾಡಿಸುವುದು, ಬಡಿಸಿದ ರೊಟ್ಟಿಯಲ್ಲಿ ಅರ್ಧ ಬಿಟ್ಟು ಏಳುವುದು, ಇಷ್ಟೇ. ಟಿ.ವಿ. ಹಚ್ಚಲು ನಮಗೇ ಸಂಕೋಚ. ಗಿರಿಜಾ ಒಲೆಯ ಮುಂದೆ ಸದ್ದಿಲ್ಲದೆ ಅಳುತ್ತಿದ್ದಳು. ಅವ್ವನಿಗಾಗಿಯೋ ಅಪ್ಪನಿಗಾಗಿಯೋ ನನಗೆ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ಆಗುತ್ತಿರಲಿಲ್ಲ.

ಧಾರವಾಡದಲ್ಲಿ ಓದುತ್ತಿದ್ದ ನನ್ನ ಅಣ್ಣನ ಮಗಳು ಸವಿತಾ ಮಾತಾಡಿಸಿ ಹೋಗಲು ಬಂದವಳು ನಮ್ಮ ಮನೆಯ ಸ್ಥಿತಿ ನೋಡಿ ಮರುಗಿದಳು. ಹೋಗುವಾಗ ಒಂದು ಸಿ.ಡಿ. ಕೊಟ್ಟಳು.

“ಕಾಕಾ, ಇದು ಇತಿಹಾಸದ ಆಟ. ಹಳೇ ಕಾಲದ ಅರಮನ್ಯಾಗ ಒಬ್ಬಾಂವನ್ನ ಖೋಲ್ಯಾಗ ಹಾಕಿ ಕೀಲಿ ಜಡದಾರ. ಅಲ್ಲಿದ್ದ ಸಾಮಾನ ಹುಡುಕಿ, ಒಗಟ ಬಿಡಿಸಿ, ಅಂವನ್ನ ಹೊರಗ ತರಬೇಕು. ನಿಮಗ ಸ್ವಲ್ಪ ಮನಸ್ಸ ಹಗರ ಆಗ್ತದ.”

ಮೋಡ ಮುಚ್ಚಿದ ಒಂದು ಭಾನುವಾರ ಬೆಳಿಗ್ಗೆ ನಾನು ಕಂಪ್ಯೂಟರಿನ ಮುಂದೆ ಆಸೀನನಾದೆ.

“ಊಟದೊಳಗ ಅಂವನ್ನ ಹೊರಗ ತರ್ತೀನಿ,” ಎಂದೆ.

“ಬರೂಮುಂದ ಕೊತಂಬರಿ ತರಾಕ ಹೇಳ್ರಿ ಅಂವಗ,” ಎಂದಳು ಗಿರಿಜಾ, ನಗದೆ.

ಪರದೆಯ ಮೇಲೆ ಕತ್ತಲೆಯ ಕಲ್ಲಿನ ಖೋಲಿ. ನಡುವೆ ಬಡಕಲು ಕೈದಿ. ಮೂಲೆಯಲ್ಲಿ ಸರಳುಗಳ ಆಚೆ ತಲೆಯ ಮೇಲೆ ಸೆರಗು ಹೊದ್ದ ಒಬ್ಬ ಮುದುಕಿ. ಮೇಜಿನ ಮೇಲೆ ಮೇಣದಬತ್ತಿ, ಹಗ್ಗ, ತುಕ್ಕು ಹಿಡಿದ ಒಂದು ಚಮಚ, ಸುರುಳಿ ಸುತ್ತಿದ ಕಾಗದ. ಐತಿಹಾಸಿಕ ಆಧಾರಗಳನ್ನು ಬೆಳಕಿನಲ್ಲಿ ಪರಿಶೀಲಿಸಬೇಕು ಎಂಬುದು ನನ್ನ ಪಾಠ. ಮೇಣದಬತ್ತಿ ಹೊತ್ತಿಸಿ ಕಾಗದವನ್ನು ಅದರ ಹತ್ತಿರ ಹಿಡಿದೆ. ಕಾಗದ ಸುಟ್ಟು ಬೂದಿಯಾಯಿತು. ಅದು ಅರಮನೆಯ ನಕಾಶೆಯಾಗಿತ್ತು.

ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ಸಲ ಕಾಗದವನ್ನು ಉಳಿಸಿದೆ, ಕರೆಂಟು ಉಳಿಯಲಿಲ್ಲ. ರೋಣದ ಕರೆಂಟು ಯಾವ ಅರಸನ ಮಾತನ್ನೂ ಕೇಳುವಂಥದ್ದಲ್ಲ. ಅದು ಬರುವಷ್ಟರಲ್ಲಿ ಆಟ ತಿರುಗಿ ಮೊದಲಿಗೇ ಹೋಗಿತ್ತು. ಕೈದಿ ಏನೂ ಆಗದವನಂತೆ ಕೂತಿದ್ದ. ಸಿಟ್ಟಿನಲ್ಲಿ ಎಲ್ಲೆಲ್ಲೋ ಒತ್ತಿದೆ. ಮೌಸು ಆ ಮುದುಕಿಯ ಮೇಲೆ ಹೋಯಿತೇನೋ, ಆಕೆ ಇಂಗ್ಲಿಷಿನಲ್ಲಿ ಸರಸರನೆ ಏನೋ ಬಡಬಡಿಸಿದಳು.

“ಮುದುಕಿನ್ನ ಯಾಕ ಕೆಣಕ್ತೀರಿ, ಅಳ್ಯಾರ? ಪಾಪ, ಆಕಿ ತ್ರಾಸ ಆಕಿಗೆ.”

ಹಿಂದೆ ತಿರುಗಿ ನೋಡಿದೆ. ಮಾವನವರು ನನ್ನ ಬೆನ್ನ ಹಿಂದೆ ನಿಂತಿದ್ದರು. ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಹಿಟ್ಟಿನ ಕೈಯಲ್ಲೇ ಗಿರಿಜಾ ಬಾಗಿಲಿಗೆ ಬಂದು ನಿಂತಳು. ಅವ್ವ ಹೋದ ಮೇಲೆ ಅಪ್ಪ ತಾವಾಗಿ ಆಡಿದ ಮೊದಲ ಮಾತು ಅದು.

“ತಪ್ಪಾತ್ರಿ, ಮಾವಾರ. ಇನ್ನ ಮುಟ್ಟೂದಿಲ್ಲ,” ಎಂದೆ.

“ಅಂವನ್ನ ಯಾಕ ಒಳಗ ಹಾಕ್ಯಾರ?”

ಯಾಕೆಂದು ನನಗೂ ಗೊತ್ತಿರಲಿಲ್ಲ. ಆದರೆ ಇತಿಹಾಸದ ಮಾಸ್ತರ ಗೊತ್ತಿಲ್ಲ ಎನ್ನಬಾರದು. ಅರಸನ ವಿರುದ್ಧ ದಂಗೆ ಎದ್ದವನೆಂದೂ ಪ್ರಜೆಗಳ ಪರವಾಗಿ ನಿಂತವನೆಂದೂ ಅಲ್ಲಿಯೇ ಒಂದು ಚರಿತ್ರೆ ಕಟ್ಟಿ ಹೇಳಿದೆ. ಮಾವನವರು ಕುರ್ಚಿ ಎಳೆದುಕೊಂಡು ಕೂತರು.

ಅಂದಿನಿಂದ ನಾನು ಸಾಲಿಯಿಂದ ಬರುವುದನ್ನೇ ಅವರು ಕಾಯತೊಡಗಿದರು. “ಇವತ್ತ ನೋಡೂಣೇನ್ರಿ?” ಎನ್ನುವರು. ಗಿರಿಜಾ ನನ್ನನ್ನು ಹಿತ್ತಲಿಗೆ ಕರೆದು ಪಿಸುಗುಟ್ಟಿದಳು: “ಲಗೂ ಮುಗಸಬ್ಯಾಡ್ರಿ. ಅಂವ ಹೊರಗ ಬಂದ್ರ ಅಪ್ಪ ಮತ್ತ ಸುಮ್ಮನ ಕೂಡ್ತಾನ.”

ಆ ವಿಷಯದಲ್ಲಿ ಆಕೆ ನಿಶ್ಚಿಂತೆಯಿಂದ ಇರಬಹುದು ಎಂದು ಭರವಸೆ ಕೊಟ್ಟೆ.

ಅಂತೂ ನಕಾಶೆಯ ಪ್ರಕಾರ ಒಂದು ಗೋಡೆಗೆ ಬಂದು ಮುಟ್ಟಿದೆವು. ಅದರ ಮೇಲೆ ಅರಸರ ಚಿತ್ರಪಟಗಳು ಅಸ್ತವ್ಯಸ್ತವಾಗಿ ತೂಗುತ್ತಿದ್ದವು. ಸರಿಯಾದ ಸಾಲಿನಲ್ಲಿ ಹಚ್ಚಿದರೆ ಬಾಗಿಲು ತೆರೆಯುತ್ತದೆ. ಕೊನೆಗೂ ನನ್ನ ವಿಷಯ ಬಂತು! ಈ ಘಳಿಗೆಗೆ ಒಬ್ಬ ಸಾಕ್ಷಿಯಾದರೂ ಇರಲೆಂದು ನಮ್ಮ ಸಾಲಿಯ ಚಿತ್ರಕಲೆಯ ನದಾಫ ಮಾಸ್ತರನ್ನು ಚಹಾಕ್ಕೆ ಕರೆಸಿದೆ. ಉಡುಪು, ಕಿರೀಟ, ಮೀಸೆಗಳನ್ನು ಆಧರಿಸಿ ಯಾರ ನಂತರ ಯಾರು ಪಟ್ಟಕ್ಕೆ ಬಂದರೆಂದು ವಿವರಿಸುತ್ತ ಒಂದೊಂದನ್ನೇ ಹಚ್ಚಿದೆ.

“ಮಗಾ ಅಪ್ಪಗಿಂತ ಮುದುಕ ಕಾಣ್ತಾನಲ್ರಿ?” ಎಂದರು ಮಾವನವರು.

“ರಾಜಮನೆತನದಾಗ ಚಿಂತಿ ಜಾಸ್ತಿ ಇರ್ತಾವ್ರಿ,” ಎಂದು ಕೊನೆಯ ಪಟ ಹಚ್ಚಿದೆ.

ಕೈದಿಯ ಕಾಲ ಕೆಳಗಿನ ನೆಲ ತೆರೆದುಕೊಂಡಿತು. ಆತ ನೀರಿಗೆ ಬಿದ್ದ. ಬೇರೆ ಸಾಲು ಹಚ್ಚಿದೆ. ಮತ್ತೆ ಬಿದ್ದ. ಮಾವನವರು ಪ್ರತಿಸಲ “ಅಯ್ಯ ಶಿವನ” ಎನ್ನುತ್ತಿದ್ದರು. ನನ್ನ ಇಷ್ಟು ವರ್ಷದ ಅಧ್ಯಾಪನ ಆ ನೀರಿನಲ್ಲಿ ಮುಳುಗೇಳುತ್ತಿತ್ತು. ಕಡೆಗೆ ನದಾಫ ಮಾಸ್ತರು, “ಕೊಡ್ರಿ ಇಲ್ಲೆ,” ಎಂದು ಮೌಸು ಇಸಿದುಕೊಂಡು ಪಟಗಳನ್ನು ಅತ್ತಿತ್ತ ಸರಿಸಿದರು. ಬಾಗಿಲು ತೆರೆಯಿತು.

“ಹ್ಯಾಂಗ ಗೊತ್ತಾತ್ರಿ?” ಎಂದು ಕೇಳಿದೆ.

“ಗೊತ್ತೇನಿಲ್ರಿ. ಕಣ್ಣಿಗೆ ಚಲೋ ಕಾಣಲಿ ಅಂತ ಹಚ್ಚಿದೆ.”

ನಾನು ಅವಮಾನವನ್ನು ನುಂಗಿ ಕೈದಿಯನ್ನು ಬಾಗಿಲ ಕಡೆ ನಡೆಸಿದೆ. ಆಗ ಮಾವನವರು ನನ್ನ ತೋಳು ಹಿಡಿದರು.

“ಆಕಿನ್ನ ಬಿಟ್ಟು ಹೋಗಬ್ಯಾಡ್ರಿ.”

“ಯಾರನ್ರಿ?”

“ಆ ಮುದುಕಿನ್ನ. ಒಬ್ಬಾಕಿನ್ನ ಹ್ಯಾಂಗ ಬಿಟ್ಟು ಹೋಗೂದು?” ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು, “ದವಾಖಾನ್ಯಾಗ ನಿಮ್ಮ ಅತ್ತಿನ್ನ ಬಿಟ್ಟು ನಾ ಚಾ ಕುಡ್ಯಾಕ ಹೋಗಿದ್ದೆ. ತಿರುಗಿ ಬರೂದ್ರಾಗ ಮಾರಿ ಮ್ಯಾಲ ಅರಿವಿ ಹೊಚ್ಚಿದ್ರು.”

ನದಾಫ ಮಾಸ್ತರು ಚಹಾದ ಕಪ್ಪು ಕೆಳಗಿಟ್ಟರು. ಗಿರಿಜಾ ಒಳಗೆ ಹೋದಳು.

“ಆತ್ರಿ, ಬಿಡೂದಿಲ್ಲ,” ಎಂದೆ. ಬೇರೇನು ಹೇಳಬಹುದಿತ್ತು?

ಆ ಮೇಲೆ ಮುದುಕಿಯ ವಿಮೋಚನೆಗಾಗಿ ನಾವು ನಡೆಸಿದ ಹೋರಾಟ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಹಗ್ಗ ಕಟ್ಟಿ ಸರಳು ಎಳೆದೆ. ಚಮಚದಿಂದ ಗೋಡೆ ಕೆರೆದೆ. ಮೇಣದಬತ್ತಿಯಿಂದ ಕಬ್ಬಿಣ ಕಾಯಿಸಿದೆ. ಅಷ್ಟರಲ್ಲಿ ಕರೆಂಟು ಹೋದರೆ ಎಲ್ಲ ಮಣ್ಣುಪಾಲು ಎಂಬ ಭಯ ಬಂದು, ಆಟವನ್ನು ಇದ್ದಲ್ಲಿಯೇ ಕಾಯ್ದಿಡುವ ಗುಂಡಿ ಒತ್ತಿದೆ. ಅಷ್ಟು ದಿನಗಳಲ್ಲಿ ನಾನು ತೋರಿದ ಒಂದೇ ಒಂದು ಮುಂದಾಲೋಚನೆ ಅದು. ಒತ್ತಿದ ಕ್ಷಣದಲ್ಲೇ ಕಾವಲುಗಾರ ಒಳಗೆ ಕಾಲಿಟ್ಟಿದ್ದ. ಕೈದಿಯ ಕತ್ತು ಹಿಡಿದು ದರದರ ಎಳೆದುಕೊಂಡು ಹೋದ. ಆಟ ಮುಗಿಯಿತು.

ಕಾಯ್ದಿಟ್ಟದ್ದನ್ನು ಮತ್ತೆ ತೆರೆದರೆ ಕಾವಲುಗಾರ ಬಾಗಿಲಲ್ಲೇ ನಿಂತಿರುತ್ತಿದ್ದ. ಯಾವಾಗ ತೆರೆದರೂ ನಿಂತಿರುತ್ತಿದ್ದ. ಮೊದಲಿನಿಂದ ಆಡೋಣವೆಂದರೆ ಪಟಗಳನ್ನು ಹೇಗೆ ಹಚ್ಚಿದ್ದೆವೆಂದು ನದಾಫ ಮಾಸ್ತರಿಗೆ ನೆನಪಿರಲಿಲ್ಲ. “ಅವತ್ತ ಹಂಗ ಚಲೋ ಕಂಡಿತ್ತು, ಇವತ್ತ ಹಿಂಗ ಚಲೋ ಕಾಣ್ತದ,” ಎಂದರು. ಕೈದಿ ನೀರಿಗೆ ಬಿದ್ದ.

ಮಾವನವರು ಕುರ್ಚಿ ಬಿಟ್ಟು ಮತ್ತೆ ಗೋಡೆಗೆ ಹೋಗಿ ಒರಗಿದರು. ರೊಟ್ಟಿ ಮತ್ತೆ ಅರ್ಧ ಉಳಿಯತೊಡಗಿತು.

“ಅಪ್ಪ ಅಷ್ಟರ ಮಟ್ಟಿಗೆ ಬಂದಿದ್ದ. ಕೆಡಿಸಿ ಇಟ್ರಿ,” ಎಂದಳು ಗಿರಿಜಾ. ಬೈದಿದ್ದರೆ ಒಳ್ಳೆಯದಿತ್ತು. ಆಕೆ ಬೈಯಲಿಲ್ಲ, ಅಷ್ಟೇ ಹೇಳಿ ಒಳಗೆ ಹೋದಳು.

ರಜೆಗೆ ಸವಿತಾ ಬಂದಳು. ನಾನು ಕಂಪ್ಯೂಟರ್ ಹಚ್ಚಿ ನಡೆದದ್ದನ್ನೆಲ್ಲ ಹೇಳಿದೆ. ಕೇಳುತ್ತ ಕೇಳುತ್ತ ಆ ಹುಡುಗಿ ಬಾಯಿಗೆ ಓಢಣಿ ಒತ್ತಿಕೊಂಡಳು.

“ಕಾಕಾ, ಆಕಿ ಕೈದಿ ಅಲ್ರಿ. ಆಕಿ ಹೇಳಿಕೊಡೂ ಮುದುಕಿ. ದಾರಿ ತಿಳೀದಿದ್ದಾಗ ಆಕಿ ಮ್ಯಾಲ ಒತ್ತಬೇಕು, ಮುಂದೇನ ಮಾಡಬೇಕಂತ ಆಕಿನ ಹೇಳ್ತಾಳ. ಒಮ್ಮಿನೂ ಕೇಳಲಿಲ್ಲೇನು?”

ಉತ್ತರವನ್ನೇ ಬಿಡುಗಡೆ ಮಾಡಲು ಹೋಗಿ ನಾನು ಕೈದಿಯನ್ನು ಕೊಲ್ಲಿಸಿದ್ದೆ. ಅಷ್ಟರಲ್ಲಿ ಗೋಡೆಯ ಕಡೆಯಿಂದ ದನಿ ಬಂತು.

“ಕೇಳಿದ್ರ ಹೇಳ್ತಿದ್ಲಂತ. ಆಕಿನ್ನ ಯಾರೂ ಕೇಳಲಿಲ್ಲ.”

ಸವಿತಾಳ ನಗು ನಿಂತಿತು. ಮಾವನವರು ಮೆಲ್ಲಗೆ ಎದ್ದು ಬಂದರು, ಕುರ್ಚಿಯಲ್ಲಿ ಕೂತರು. ಪರದೆಯ ಮೇಲಿನ ಮುದುಕಿಯ ಕಡೆ ಬೆರಳು ತೋರಿಸಿದರು.

“ಈಗ ಕೇಳವಾ,” ಎಂದರು.

ಸವಿತಾ ಆಟವನ್ನು ಮೊದಲಿನಿಂದ ಶುರು ಮಾಡಿ ಮುದುಕಿಯ ಮೇಲೆ ಒತ್ತಿದಳು. ಮುದುಕಿ ಮಾತಾಡಿದಳು. ಸವಿತಾ ಅದನ್ನು ಕನ್ನಡದಲ್ಲಿ ಹೇಳಿದಂತೆ ಮಾವನವರು ತಲೆಯಾಡಿಸುತ್ತಿದ್ದರು. ಹಗ್ಗ ಎಲ್ಲಿಗೆ, ಚಮಚ ಯಾತಕ್ಕೆ, ಪಟ ಯಾವ ಸಾಲಿನಲ್ಲಿ, ಎಲ್ಲ ಆಕೆಗೆ ಗೊತ್ತಿತ್ತು. ಗಿರಿಜಾ ಚಹಾ ಸೋಸಿ ತರುವಷ್ಟರಲ್ಲಿ ಕೈದಿ ಬಾಗಿಲು ದಾಟಿ ಅಂಗಳಕ್ಕೆ ಬಂದಿದ್ದ. ಪರದೆಯ ಮೇಲೆ ದೊಡ್ಡ ಅಕ್ಷರಗಳು ಮೂಡಿದವು. ಅಭಿನಂದನೆ ಇರಬೇಕೆಂದು ಕನ್ನಡಕ ಸರಿಮಾಡಿಕೊಂಡು ಓದಿದೆ. ಅಭ್ಯಾಸ ಮುಗಿಯಿತು, ಇನ್ನು ಆಟ ಆರಂಭ ಎಂದಿತ್ತು. ಅಕ್ಷರಗಳ ಹಿಂದೆ ಇಡೀ ಅರಮನೆ ಕಾಣುತ್ತಿತ್ತು. ಅದರ ಖೋಲಿಗಳಿಗೆ ಲೆಕ್ಕವಿರಲಿಲ್ಲ.

ನಾನು ಗೌರವಪೂರ್ವಕವಾಗಿ ಕಂಪ್ಯೂಟರ್ ಬಂದ್ ಮಾಡಿದೆ.

ಸಂಜೆ ನದಾಫ ಮಾಸ್ತರು ವಿಚಾರಿಸಲು ಬಂದರು. ನಾನು ಪೀಠಿಕೆ ಹಾಕುವ ಮೊದಲೇ ಮಾವನವರು ಬಾಗಿಲಿಗೆ ಹೋಗಿ ತಾವೇ ವರದಿ ಒಪ್ಪಿಸಿದರು.

“ಹೊರಗ ಬಂದಾನ್ರಿ, ಮಾಸ್ತರ. ಹುಡುಗಿ ತಂದ್ಲು. ನಮ್ಮ ಅಳ್ಯಾರು ಭಾಳ ಓದಿದವರು, ಮನಸಿನಿಂದ ಭಾಳ ಚಲೋ ಮನಿಷ್ಯಾರು. ಆದ್ರ ನೀವು ಅವರ ಕೂಡ ಯಾವ ಸೆರಿಮನಿಗೂ ಹೋಗಬ್ಯಾಡ್ರಿ.”

ನದಾಫ ಮಾಸ್ತರು ನಕ್ಕರು. ಒಳಗೆ ಗಿರಿಜಾ ನಕ್ಕದ್ದೂ ಕೇಳಿಸಿತು. ಮಾವನವರು ಮಾತ್ರ ನಗಲಿಲ್ಲ. ಅವರು ಚ್ಯಾಷ್ಟಿ ಮಾಡಿರಲಿಲ್ಲ, ಖರೇನೇ ಹೇಳಿದ್ದರು.