ಅಮೃತಳ ಕೆಳಗಿನ ಹೆಸರು

ಗೌರಿಬಿದನೂರಿನಲ್ಲಿ ಫೋಟೊ ಸ್ಟುಡಿಯೊ ಇಟ್ಟಿದ್ದ ಭಾನುಪ್ರಕಾಶನ ಪಾಡಿಗೆಲ್ಲ ಕಾರಣ ತುಂಬಿಹೋದ ಒಂದು ಹಾರ್ಡ್‌ಡಿಸ್ಕ್. ಪಕ್ಕದ ಮೊಬೈಲ್ ಅಂಗಡಿಯ ಕೋನಪ್ಪ ಕರೆಯದೆಯೇ ನೆರವಿಗೆ ಬರುವ ಪೈಕಿ. ಬೆಳಿಗ್ಗೆ ಭಾನು ತಿಂಡಿ ತಿಂದು ಬರುವಷ್ಟರಲ್ಲಿ ಹೊಸ ಡಿಸ್ಕ್ ಕೂರಿಸಿ, ಎಲ್ಲವನ್ನೂ ಅದಕ್ಕೆ ಸಾಗಿಸಿ, ಎದೆಯುಬ್ಬಿಸಿ ನಿಂತಿದ್ದ.

ಮದುವೆ ಫೋಟೊಗಳೆಲ್ಲ ಬಂದಿದ್ದವು. ಬಾರದೆ ಹೋದದ್ದು ಭಾನುವಿನ ಅಂಕಗಳು.

ಆಲ್ಬಂ ಕೆಲಸವಿಲ್ಲದಾಗ ಅವನ ಕಂಪ್ಯೂಟರು ಸುಮ್ಮನಿರುತ್ತಿರಲಿಲ್ಲ. ಹೊಸ ಔಷಧಿಗಾಗಿ ವಿಜ್ಞಾನಿಗಳು ಹಾಕುವ ದೈತ್ಯ ಲೆಕ್ಕವನ್ನು ಊರೂರಿನ ಕಂಪ್ಯೂಟರುಗಳು ಇಂಟರ್ನೆಟ್ಟಿನಲ್ಲಿ ಹಂಚಿಕೊಂಡು ಮಾಡುತ್ತವೆ. ಮಾಡಿದ್ದಕ್ಕೆ ದುಡ್ಡಿಲ್ಲ, ಬರೀ ಅಂಕ. ಜಿಲ್ಲೆಯ ತಂಡದ ಪಟ್ಟಿಯಲ್ಲಿ ಭಾನುವಿನ ಹೆಸರಿನ ಮೇಲೆಯೇ 'ಅಮೃತ, ಶಿಡ್ಲಘಟ್ಟ' ಎಂದಿರುತ್ತಿತ್ತು. ಅವಳನ್ನು ಅವನು ಕಂಡವನಲ್ಲ. ಆದರೂ ವರ್ಷಗಳಿಂದ ಎರಡು ಹೆಸರೂ ಒಂದರ ಕೆಳಗೊಂದು ಬಾಳಿದ್ದವು. ಪಟ್ಟಿಯ ಅಡಿಯಲ್ಲಿ ಮಾತಾಡಲು ಜಾಗವಿತ್ತು. ಅಲ್ಲಿ 'ನಮಸ್ಕಾರ' ಎಂದು ಬರೆದು ಅಳಿಸಿ ಅಳಿಸಿ ಅವನ ಬೆರಳು ಸವೆದಿತ್ತು. ಊರವರ ಮದುವೆಗಳನ್ನೆಲ್ಲ ಅಂದಗೊಳಿಸುವ ಈ ಬ್ರಹ್ಮಚಾರಿಗೆ ಇದ್ದ ಜೊತೆ ಅಷ್ಟೇ.

ಈಗ ಅವನ ಹೆಸರು ತಳದಲ್ಲಿ ಸೊನ್ನೆ ಹಿಡಿದು ನಿಂತಿತ್ತು. ಅಂಕಗಳೆಲ್ಲ ಅವನವೆಂದು ಹೇಳುವ ಗುರುತಿನ ಫೈಲು ಹಳೇ ಡಿಸ್ಕಿನಲ್ಲೇ ಉಳಿದು, ಹೊಸದರಲ್ಲಿ ಅವನು ಯಾರೋ ಹೊಸಬನಾಗಿದ್ದ. ಎದುರಿನ ಟೈಲರ್ ಶ್ಯಾಮಲಮ್ಮ, ಅಂಕ ಹೋಯಿತೆಂದರೆ ಫೇಲಾದನೆಂದೇ ತಿಳಿದು, ಮತ್ತೆ ಪರೀಕ್ಷೆ ಕಟ್ಟಲು ಹೇಳಿದರು.

ಹಳೇ ಡಿಸ್ಕ್ ಎಲ್ಲಿ ಎಂದರೆ ಕೋನಪ್ಪ ತಲೆ ಕೆರೆದುಕೊಂಡ.

"ಮಂಚೇನಹಳ್ಳಿ ರಾಮಾಂಜಿನಪ್ಪನೋರ್ಗೆ ಕೊಟ್ಬಿಟ್ಟೆ ಕಣಪ್ಪ. ಮಗಳ ಮದ್ವೆ ಫೋಟೊ ಕೇಳ್ಕೊಂಡು ಬಂದಿದ್ರು, ಎಲ್ಲಾ ಇದ್ರಲ್ಲೇ ಅವೆ ಅಂದೆ."

ಭಾನು ಸಿಕ್ಕ ಬಸ್ಸು ಹತ್ತಿದ. ಮಂಚೇನಹಳ್ಳಿಯ ಆ ಮನೆಯಲ್ಲಿ ಡಿಸ್ಕನ್ನು ಟೀವಿಗೆ ಸಿಕ್ಕಿಸಿಕೊಂಡು ಬೀದಿಯ ಹೆಂಗಸರೆಲ್ಲ ಕೂತಿದ್ದರು. ಆ ಮನೆಯ ಮದುವೆ ಮುಗಿದು, ಕಂಡವರ ಮದುವೆಗಳು ಓಡುತ್ತಿದ್ದವು. ರಾಮಾಂಜಿನಪ್ಪನ ತಾಯಿ ಡಿಸ್ಕ್ ಬಿಟ್ಟುಕೊಡಲಿಲ್ಲ. "ಕೂತ್ಕೊಳ್ಳಪ್ಪ, ಇದೊಂದು ಧಾರೆ ಆಗ್ಲಿ" ಎಂದು ಒಬ್ಬಟ್ಟಿನ ತಟ್ಟೆ ಕೈಗಿಟ್ಟರು. ಆ ಧಾರೆ ಮುಗಿದರೆ ಇನ್ನೊಂದು. ಹತ್ತಿರ ನಿಲ್ಲಿ, ಇನ್ನೂ ಹತ್ತಿರ ಎಂದು ತಾನೇ ಹೇಳಿ ತೆಗೆದ ಜೋಡಿಗಳನ್ನು ನೋಡುತ್ತ ಭಾನು ಒಬ್ಬಟ್ಟು ಮುರಿಯುತ್ತ ಕೂತ. ಅಮೃತ ತನ್ನ ಹೆಸರಿನ ಕೆಳಗೆ ನೋಡಿರುತ್ತಾಳೆ, ಹೇಳದೆ ಕೇಳದೆ ಬಿಟ್ಟುಹೋದ ಎಂದುಕೊಂಡಿರುತ್ತಾಳೆ ಎಂದು ಸಂಕಟಪಟ್ಟ.

ಸಂಜೆಗೆ ಡಿಸ್ಕ್ ಸಮೇತ ಅಂಗಡಿಗೆ ಬಂದು ಹಳೇ ಗುರುತನ್ನು ಹೊಸದರಲ್ಲಿ ಹಾಕಿದ್ದೇ, ಕಳೆದ ಅಂಕವೆಲ್ಲ ಮರಳಿತು. ಶ್ಯಾಮಲಮ್ಮ ಪಾಸಾದೆಯಲ್ಲಪ್ಪ ಎಂದು ಹರಸಿದರು. ಆದರೆ ಅವನ ಹೆಸರಿನ ಮೇಲೆ ಈಗ ಇದ್ದದ್ದು 'ಚಿರಂಜೀವಿ, ಚಿಂತಾಮಣಿ'. ಗಾಬರಿಯಿಂದ ಪಟ್ಟಿಯನ್ನು ಕೆಳಕ್ಕೆ ಎಳೆದ, ಎಳೆದ. ಬೆಳಿಗ್ಗೆ ತಾನು ನಿಂತಿದ್ದ ತಳದಲ್ಲೇ 'ಅಮೃತ, ಶಿಡ್ಲಘಟ್ಟ' ಸೊನ್ನೆ ಹಿಡಿದಿದ್ದಳು. ಮಾತಿನ ಜಾಗದಲ್ಲಿ ಬರೆದಿದ್ದಳು:

"ನೀವೊಬ್ರೇ ಕೆಳಗೆ ಬಿದ್ದಿದ್ದು ನೋಡಿ ಮನಸ್ಸು ತಡೀಲಿಲ್ಲ. ನನ್ನ ಅಂಕ ಎಲ್ಲಾ ಅಳಿಸಿ ನಿಮ್ಮ ಪಕ್ಕಕ್ಕೆ ಬಂದೆ. ಇಬ್ರೂ ಮೊದಲಿಂದ ಶುರು ಮಾಡಣ?"

ಭಾನುವಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಇದ್ದ ಅಂಕ ಕಳೆದುಕೊಳ್ಳುವುದು ಹೇಗೆಂದು ಅವನಿಗೆ ತಿಳಿಯದು. ಓಡಿಹೋಗಿ ಕೋನಪ್ಪನ ಎರಡೂ ಕೈ ಹಿಡಿದುಕೊಂಡ.

"ಕೋನಪ್ಪಣ್ಣ, ಬೆಳಿಗ್ಗೆ ಏನ್ ಮಾಡ್ದ್ಯೋ ಅದನ್ನೇ ಇನ್ನೊಂದ್ಸಲ ಮಾಡಣ್ಣ."

ಕೋನಪ್ಪ ಡಿಸ್ಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏನ್ ಮಾಡ್ದೆ ಅಂತ ಗೊತ್ತಿದ್ದಿದ್ರೆ ಬೆಳಿಗ್ಗೇನೇ ಮಾಡ್ತಿರ್ಲಿಲ್ಲ ಕಣಪ್ಪ."