ನೀರಿನ ಘಟಕದ ಜೇಡಗಳಿಗೆ, ಮೊದಲ ಬಿಂದಿಗೆಯ ವಿಷಯವಾಗಿ

ಬಹುಮಾನ್ಯ ಜೇಡಗಳೇ,

ನಂಜನಗೂಡು ತಾಲ್ಲೂಕಿನ ನಮ್ಮೂರಿನಲ್ಲಿ ಬೀಗ ಬಿದ್ದಿರುವ ಶುದ್ಧ ಕುಡಿಯುವ ನೀರಿನ ಘಟಕದೊಳಗೆ ಸಂಸಾರ ಹೂಡಿರುವ ತಮಗೆ ಕೆಳಗಿನ ಬೀದಿಯ ಹೇಮಲತಾ ಮಾಡುವ ಶರಣು. ತಾವೂ ತಮ್ಮ ಮೊಟ್ಟೆಗಳೂ ಕ್ಷೇಮವೆಂದು ಕಿಟಕಿಯಲ್ಲಿ ಇಣುಕಿ ತಿಳಿದುಕೊಂಡೆ, ಸಂತೋಷ.

ಘಟಕಕ್ಕೆ ಬಣ್ಣ ಬಳಿದು ಎರಡು ಯುಗಾದಿ ಕಳೆದವು. ಪೂಜೆಯ ದಿನ ಮೊದಲ ಬಿಂದಿಗೆ ಯಾವ ಬೀದಿಯ ಹೆಂಗಸು ಹಿಡಿಯಬೇಕೆಂಬ ಮಾತು ಬಂತು. ಕೆಳಗಿನ ಬೀದಿಯವರು ಮುಟ್ಟಿದ ನಲ್ಲಿಗೆ ಆಮೇಲೆ ನಾವು ಬರುವುದು ಹೇಗೆಂದು ಮೇಲಿನ ಬೀದಿಯವರು, ಘಟಕ ಇರುವುದೇ ನಮ್ಮ ಬೀದಿಯಲ್ಲಲ್ಲವೇ ಎಂದು ನಾವು. ಒಮ್ಮತ ಬರುವ ತನಕ ಇರಲೆಂದು ಪಂಚಾಯಿತಿಯವರು ಬೀಗ ಜಡಿದು ಹೋದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗಾಯಿತು.

ನಮ್ಮತ್ತೆ ರಾಚಮ್ಮನವರಿಗೆ ಕಿಡ್ನಿಯಲ್ಲಿ ಕಲ್ಲು. ಬೋರ್‌ವೆಲ್ ನೀರು ಬಾಯಿಗೆ ಹಾಕಕೂಡದೆಂದು ಡಾಕ್ಟರು ಹೇಳಿದ್ದಾರೆ. ನಾನು ಪೇಟೆಯಿಂದ ಬಸ್ಸಿನಲ್ಲಿ ಕ್ಯಾನು ಹೊತ್ತು ತರುತ್ತೇನೆ. ಬಸ್ಸು ತಪ್ಪಿದ ದಿನ ಅವರು ಅದೇ ಬೋರ್‌ವೆಲ್ ನೀರು ಕುಡಿದು ಸೊಂಟ ಹಿಡಿದುಕೊಂಡು ನರಳುತ್ತಾರೆ.

ತಾವಾದರೋ ಪುಣ್ಯವಂತರು. ಮೊನ್ನೆ ಮೈಸೂರಿನಿಂದ ಕಾಲೇಜು ಮೇಷ್ಟ್ರೊಬ್ಬರು ಭೂತಗನ್ನಡಿ ಹಿಡಿದು ಬಂದು, ರಾಗಿಕಾಳಿಗಿಂತ ತುಸುವೇ ದೊಡ್ಡವರಾದ ತಮ್ಮ ದರ್ಶನವಾಗಬೇಕೆಂದದ್ದೇ ತಡ, ಕಳೆದುಹೋಗಿದೆ ಎನ್ನುತ್ತಿದ್ದ ಬೀಗದ ಕೈ ಸಿಕ್ಕೇಬಿಟ್ಟಿತು. ತಮ್ಮದು ಒಂದೇ ಕುಲವಂತೆ, ಅದರಲ್ಲಿ ಮೂರು ಬಗೆಯವರು ಒಂದೇ ಗೋಡೆಯಲ್ಲಿ ಬಲೆಗೆ ಬಲೆ ತಾಗಿಸಿಕೊಂಡು ಬಾಳುತ್ತಿದ್ದೀರಂತೆ. ಮೇಷ್ಟ್ರು ಇದನ್ನು ಬೆರಗಿನಿಂದ ಹೇಳುವಾಗ ಪಂಚಾಯಿತಿಯವರು ನೆಲ ನೋಡುತ್ತಿದ್ದರು. ಬಿಂದಿಗೆ ಹಿಡಿದು ಹಿಂದೆಯೇ ನುಗ್ಗಿದ ಅತ್ತೆ, “ಜ್ಯಾಡಕ್ಕ ತಗದ ಬಾಗ್ಲು ನಂಗ್ಯಾಕ ತಗಿಯಲ್ಲ ಸಾ?” ಎಂದು ಕೇಳಿದರು. ಬಲೆ ಹರಿದೀತೆಂದು ಅವರನ್ನು ಹೊರಗೆ ಕಳಿಸಿ ಮತ್ತೆ ಬೀಗ ಹಾಕಿದರು.

ಆದಕಾರಣ ನನ್ನ ಕೋರಿಕೆ ಇಷ್ಟೇ. ತಾವು ಯಾವ ಬೀದಿಗೂ ಸೇರಿದವರಲ್ಲ, ಒಳಗೆ ಹೇಗೂ ಇದ್ದೀರಿ. ಎಂಟು ಕಾಲುಗಳಲ್ಲಿ ಎರಡಕ್ಕೆ ಬಿಡುವು ಮಾಡಿಕೊಂಡು ನಲ್ಲಿ ತಿರುಗಿಸಿ, ಮೊದಲ ಬಿಂದಿಗೆಯನ್ನು ತಾವೇ ಹಿಡಿದುಬಿಡಿ. ಅಲ್ಲಿಗೆ ಎರಡೂ ಬೀದಿಯವರು ತಮ್ಮ ಹಿಂದಿನವರಾಗುತ್ತೇವೆ, ಯಾರ ಮಾನವೂ ಹೋಗುವುದಿಲ್ಲ, ನಮ್ಮತ್ತೆಗೆ ಒಂದು ಚೊಂಬು ನೀರು ಸಿಗುತ್ತದೆ.

ತಮ್ಮ ವಿಶ್ವಾಸಿಯೂ ನೆರೆಯವಳೂ ಆದ,
ಹೇಮಲತಾ

ವಿ.ಸೂ.: ತಾವು ನೀರು ಹಿಡಿದ ಮೇಲೆ ಮೇಲಿನ ಬೀದಿಯವರು ಬಂದು, ತಾವು ಹುಟ್ಟಿದ್ದು ಯಾವ ಬೀದಿಯ ಗೋಡೆಯಲ್ಲಿ ಎಂದು ಕೇಳಿಯೇ ಕೇಳುತ್ತಾರೆ. ದಮ್ಮಯ್ಯ, ಬಾಯಿ ಬಿಡಬೇಡಿ.