ಚಕ್ಕರ್ ಆಟದಲ್ಲಿ ಅಪ್ಪನ ಸರದಿ

ಮನೆಮಂದಿ ಕೂತು ಆಡುವ ಆಟದಲ್ಲಿ ನ್ಯಾಯ ಹುಡುಕಬಾರದು. ನ್ಯಾಯ ಬೇಕಾದವರು ಕಚೇರಿಗೆ ಹೋಗಲಿ. ಅಲ್ಲೂ ಬೇಗ ಸಿಗುವುದಿಲ್ಲವೆಂದು ಅಲ್ಲೇ ಗುಮಾಸ್ತನಾಗಿದ್ದ ನಮ್ಮಪ್ಪ ಹೇಳುತ್ತಿದ್ದ. ಹೈದರಾಬಾದಿನಿಂದ ಮಕ್ತಲ್‌ನ ನಮ್ಮ ಮನೆಗೆ ಚಕ್ಕರ್ ಆಟ ತಂದವನೂ ಅವನೇ. ದಪ್ಪ ರಟ್ಟು, ನಡುವೆ ಗಡಿಯಾರದಲ್ಲಿರುವಂಥ ತಗಡಿನ ಮುಳ್ಳು. ಬೆರಳಿನಿಂದ ಚಿಮ್ಮಿದರೆ ಗರಗರ ತಿರುಗಿ ಯಾವುದೋ ಅಂಕಿಯ ಮೇಲೆ ನಿಲ್ಲುತ್ತಿತ್ತು. ಅಷ್ಟು ಮನೆ ಕಾಯಿ ನಡೆಸಬೇಕು. ಜೊತೆಗೆ ಬಂದ ಕಾಯಿಗಳು ತಿಂಗಳೊಳಗೇ ಕಳೆದುಹೋಗಿ ಅಜ್ಜಿಗೆ ಕವಡೆ, ಅವ್ವನಿಗೆ ಬೆಣಚುಕಲ್ಲು, ನನಗೆ ಅಂಗಿಯ ಗುಂಡಿ, ಅಪ್ಪನಿಗೆ ಹುಣಸೆಬೀಜ ಬಂದಿದ್ದವು. ಅಂಕಿಗಳು ಉರ್ದುವಿನಲ್ಲಿದ್ದವು. ಅಜ್ಜಿಗೆ ಓದು ಬಾರದು. ಆದರೂ ಮುಳ್ಳು ಎಲ್ಲಿ ನಿಂತರೂ "ಆರು ಬಿತ್ತು ನೋಡ್ರಿ" ಅನ್ನುತ್ತಿದ್ದಳು. ಎಂಟು ವರ್ಷದ ನನಗೆ ಶಾಲೆಯಲ್ಲಿ ಕಲಿತ ಉರ್ದು ಇತ್ತು, ಅಜ್ಜಿಯನ್ನು ತಿದ್ದುವ ಧೈರ್ಯ ಇರಲಿಲ್ಲ.

ನಲವತ್ತೆಂಟರಲ್ಲಿ ಹೈದರಾಬಾದಿನ ಮೇಲೆ ಸೈನ್ಯ ಬಂದು ಪೊಲೀಸ್ ಆ್ಯಕ್ಷನ್ ಶುರುವಾದಾಗ ಅಪ್ಪ ಕಚೇರಿಯ ಕಾಗದ ಹಿಡಿದು ಕೃಷ್ಣೆಯ ಆಚೆ ಗದ್ವಾಲಿಗೆ ಹೋಗಿದ್ದ. ಹೊಳೆ ತುಂಬಿತ್ತು, ಹರಗೋಲು ನಿಂತಿತ್ತು. ಊರಲ್ಲಿ ಗಳಿಗೆಗೊಂದು ಸುದ್ದಿ, ಒಂದಕ್ಕೂ ತಲೆಬುಡವಿಲ್ಲ. ಬಾಗಿಲು ಹಾಕಿಕೊಂಡು ಒಳಗೇ ಕೂತೆವು. ಮಧ್ಯಾಹ್ನ ಅಜ್ಜಿ ಆಟ ಹಾಸಿ, "ಅವನ ಬೀಜಾನೂ ಇಡು" ಅಂದಳು.

"ಅಪ್ಪ ಇಲ್ಲಲ್ಲ ಅಜ್ಜಿ, ಯಾರು ತಿರುಗಸ್ತಾರ?"

"ನೀನೇ ತಿರುಗ್ಸು. ಮನ್ಯಾಗ ಅವನ ಸರದಿ ತಪ್ಪಬಾರದು."

ತಿರುಗಿಸಿದೆ. ಒಂದು ಬಿತ್ತು. ಮತ್ತೆ ಒಂದು. ಬೀಜ ಎಲ್ಲರಿಗಿಂತ ಹಿಂದೆ ಉಳಿಯಿತು. ಅವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಆಗಿನಿಂದಲೇ ಅಪ್ಪನ ಸರದಿ ಬಂದಾಗಲೆಲ್ಲ ಮುಳ್ಳು ನಿಧಾನವಾಗುತ್ತಲೇ ನಾನು ಅದನ್ನು ದೊಡ್ಡ ಅಂಕಿಯತ್ತ ಮೆಲ್ಲಗೆ ಊದತೊಡಗಿದೆ. ಆದರೆ ನಾನು ಊದಿ ಗಳಿಸಿದ್ದಕ್ಕಿಂತ ಬೀಜ ಎರಡು ಮನೆ ಮುಂದೆಯೇ ಇರುತ್ತಿತ್ತು. ನೀರು ಕುಡಿದು ಬರುವಾಗ ಒಮ್ಮೆ ಅವ್ವ ಅದನ್ನು ಕಿರುಬೆರಳಿಂದ ತಳ್ಳುವುದು ಕಂಡಿತು. ಅಜ್ಜಿಗೆ ಇಂಥ ಕಷ್ಟವೇ ಇರಲಿಲ್ಲ. ಅವನಿಗೂ ಆರೇ ಬಿತ್ತೆಂದು ಕೂಗಿಬಿಡುತ್ತಿದ್ದಳು. ಐದು ದಿನ ಅಪ್ಪ ಒಂದಾಟವೂ ಸೋಲಲಿಲ್ಲ.

ಆರನೆಯ ದಿನ ಅಪ್ಪ ಬಂದ. ಮೊಣಕಾಲಿನವರೆಗೆ ಕೆಸರು, ಮುಖದ ತುಂಬ ಗಡ್ಡ. ಅವ್ವ ಬಾಗಿಲಲ್ಲೇ ನಿಂತು ಏನೇನೋ ಹೇಳಲು ಹೋಗಿ, ಕೊನೆಗೆ "ಊಟ ಆಗೈತೇನ್ರೀ?" ಅಂದಳು. ಅಪ್ಪ ಆಟದ ಕಡೆ ನೋಡಿದ.

"ಎಲ್ಲಾರಿಗಿಂತ ಮುಂದೈತಲ್ಲ, ಆ ಬೀಜ ಯಾರು ನಡಸಾಕತ್ತೀರಿ?"

"ನಿಂದೇ ಅಪ್ಪಾ. ದಿನಾ ನೀನೇ ಗೆದ್ದಿ."

ಅವನು ನಕ್ಕ. ಆಮೇಲೆ ಟವೆಲಿನಿಂದ ಮುಖ ಒರೆಸಿಕೊಳ್ಳತೊಡಗಿದವನು ಬಹಳ ಹೊತ್ತು ಟವೆಲು ತೆಗೆಯಲೇ ಇಲ್ಲ. "ಹಂಗಾದ್ರ ಈಗ ಕುಂತು ಆಡೂಣು ಬಾ" ಅಂದ.

ಆಡಿದೆವು. ಅವನಿಗೆ ಒಂದು, ಎರಡು. ನನಗೆ ಐದು, ಆರು. ಅವ್ವ ಕಣ್ಣಲ್ಲೇ ಸನ್ನೆ ಮಾಡಿದಳು, ಅಜ್ಜಿ ಕೆಮ್ಮಿದಳು. ನನಗೆ ತಿಳಿಯಿತು, ತಿಳಿಯದವಳಂತೆ ಕೂತೆ. ಒಮ್ಮೆಯೂ ಊದಲಿಲ್ಲ. ಗೆದ್ದು ಮನೆಯೆಲ್ಲ ಕುಣಿದೆ. "ಹೊಳಿ ದಾಟಿ ಬಂದಾಂವನ್ನ ಸೋಲಿಸಿಬಿಟ್ಟೆಲ್ಲವ್ವಾ" ಎಂದು ಅಪ್ಪ ಬೆನ್ನು ತಟ್ಟಿದ.

ಆ ಮೂವರೂ ಈಗಿಲ್ಲ. ಆಮೇಲೆ ಎಷ್ಟೋ ಆಟ ಸೋತಿದ್ದೇನೆ, ಒಂದೂ ನೆನಪಿಲ್ಲ. ಗೆದ್ದ ಆ ಒಂದಾಟವನ್ನು ಮಾತ್ರ ಅಪ್ಪನಿಗೆ ವಾಪಸು ಕೊಡಬೇಕೆನಿಸುತ್ತದೆ. ಐದು ದಿನ ಸಲೀಸಾಗಿ ಮೋಸ ಮಾಡಿದವಳಿಗೆ, ಅವನು ಎದುರು ಬಂದು ಕೂತ ದಿನವೇ ಪ್ರಾಮಾಣಿಕತೆ ಹುಟ್ಟಬೇಕಿತ್ತೆ?